ಹದಿನೇಳನೇ ಚೌಕ

ದಿವೇ ಘಾಟು ಹತ್ತಿ ಸಾಸವಡದ ಬಸ್ಸು
ಉಸಿರು ಬಿಡುವ ತಿರುವಿನಲ್ಲಿ ಇಳಿದರೆ
ಮೊಣಕಾಲೆತ್ತರ ಹುಲ್ಲು.
ಹಿಂದೆ, ಕೆಳಗೆ, ಹಡಪಸರದ ಕಟ್ಟಡಗಳು
ಹೊಗೆಯೊಳಗಿಂದ ಅರ್ಧ ಎದ್ದಿರುತ್ತವೆ.

ಮೀಟರಿಗೆ ಮೀಟರು, ಬಿಳಿ ಪೈಪಿನ ಚೌಕ.
ಗಾರ್ಗಿ ಸಬನೀಸ್ ಮೇಡಂ ಮಂಡಿಯೂರಿ ಬರೆಯುತ್ತಾರೆ,
ನಾನು ಹುಲ್ಲು ಸರಿಸಿ ಹೇಳುತ್ತೇನೆ:
ಒಂದು. ಎರಡು.
ಇಲ್ಲ, ಅದು ಕಡ್ಡಿ.
ಅಲ್ಲಲ್ಲ, ಕಡ್ಡಿಯಲ್ಲ, ಬರೆಯಿರಿ, ಮೂರು.

ಮುಟ್ಟುವ ತನಕ ಅದು ಕಡ್ಡಿಯೇ.
ನಾಲ್ಕು ಕಾಲು ಮುಂದೆ, ನಾಲ್ಕು ಹಿಂದೆ ಚಾಚಿ
ಎಸಳಿನುದ್ದಕ್ಕೂ ಒರಗಿರುತ್ತದೆ.
ಬೆನ್ನ ಮೇಲೆ ಕಂದು ಗೆರೆ,
ಹುಲ್ಲಿಗೂ ನಟ್ಟನಡುವೆ ಅಂಥದೇ ನರ.
ದೀಪಾವಳಿ ದಾಟಿದರೆ ಎರಡಕ್ಕೂ
ಸಜ್ಜೆರೊಟ್ಟಿಯ ಅಂಚಿನ ಬಣ್ಣ.
ಗಾಳಿಗೆ ಹುಲ್ಲು ಎಷ್ಟು ತೂಗುತ್ತದೋ ಅಷ್ಟೇ ತೂಗುತ್ತದೆ,
ಕೂದಲೆಳೆಯಷ್ಟೂ ಹೆಚ್ಚಿಲ್ಲ.

ಬಲೆ ಎಲ್ಲಿ ಮೇಡಂ, ಕೇಳಿದ್ದೆ ಮೊದಲ ದಿನ.
ಇದು ನೇಯುವುದಿಲ್ಲ, ಅಂದರು.

ನಗು ಬಂತು.
ನಮ್ಮ ಮಾತಿನಲ್ಲಿ ಜೇಡ ಅಂದರೆ ಹುಳವೂ ಹೌದು,
ಮಗ್ಗದ ಮುಂದೆ ಕೂತವನೂ ಹೌದು.
ಸೋಲಾಪುರದಲ್ಲಿ ಅಪ್ಪ ನಲವತ್ತು ವರ್ಷ
ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದವನು,
ಮಗ್ಗ ಗುಜರಿಗೆ ಹೋದ ಮೇಲೂ ನಿದ್ದೆಯಲ್ಲಿ
ಬಲಗಾಲು ಒತ್ತುತ್ತಿದ್ದ.
ನೇಯದ ಜೇಡ ನಾನೊಬ್ಬನೇ ಅಂದುಕೊಂಡಿದ್ದೆ.

ಆಮೇಲೆ, ಕಾರ್ತಿಕದಲ್ಲಿ, ಹದಿನೇಳನೇ ಚೌಕ.
ಒಂದು ತೆನೆ ಕತ್ತು ಬಗ್ಗಿಸಿತ್ತು,
ಬಿಳಿ ನೂಲಿನಲ್ಲಿ ಹೊಲಿದ ಹಾಗೆ.
ಮೇಲೆ ಅವಳು, ಎಂಟೂ ಕಾಲಲ್ಲಿ ಅಪ್ಪಿ.
ಪೆನ್ಸಿಲಿನಿಂದ ತಟ್ಟಿದೆ. ಓಡುವ ಜಾತಿ ಅದು,
ಓಡಲಿಲ್ಲ.
ನೂಲಿತ್ತು ಹಾಗಾದರೆ. ಇಷ್ಟು ದಿನ ತೆಗೆದಿರಲಿಲ್ಲ.

ಸಾತಬಾರಾದಲ್ಲಿ ಈ ಗುಡ್ಡ ಪೋಟಖರಾಬ.
ಹೊಟ್ಟೆ ಕೆಟ್ಟ ನೆಲ ಅಂತ ನಾನು ಓದಿಕೊಂಡೆ.
ಯಾರೋ ಕಂಪನಿಯವರು ಬೋರ್ಡು ನೆಟ್ಟರು:
ಬೋಳುಗುಡ್ಡಕ್ಕೆ ಹಸಿರು ಉಸಿರು.
ಸಸಿ ಮಳೆಗಾಲಕ್ಕೆ, ಕುಣಿ ಈಗಲೇ.
ಕುಣಿಗೆ ಮೂವತ್ತು ರೂಪಾಯಿ.
ಮೇಡಂ ಕೆಲಸ ತಿಂಗಳಿಗೆ ನಾಲ್ಕು ದಿನ.
ಸುಳ್ಳೇಕೆ, ಹಾರೆ ಹಿಡಿದೆ.

ಅಪ್ಪ ಕುಣಿಯಲ್ಲಿ ಕೂತು ಅನ್ನ ತಂದ,
ನಾನು ತೋಡಿ ತರುತ್ತೇನೆ.
ಅವನನ್ನು ಇಟ್ಟ ಕುಣಿಯೂ ನನ್ನದೇ ಕೈಯದು,
ಆ ಮಾತು ಬೇರೆ.

ಸುಣ್ಣದ ಗುರುತು ಬಿದ್ದಿದ್ದು
ಸರಿಯಾಗಿ ಆ ಬಗ್ಗಿದ ತೆನೆಯ ಬುಡಕ್ಕೆ.
ಹಾರೆ ಎತ್ತಿದೆ.
ಎತ್ತಿದ್ದನ್ನು ಎಲ್ಲಿ ಇಳಿಸುವುದು?
ಪಕ್ಕದ ಕಲ್ಲಿಗೆ ಬಡಿದೆ, ಕಿಡಿ ಹಾರುವ ಹಾಗೆ, ಎರಡು ಸಲ.
ಬಂಡೆ ಹತ್ತೇತ್ರಿ ಸಾಹೇಬ್ರ!
ಸೂಪರ್‌ವೈಸರು ಬಿಸಿಲಿಗೆ ಎದ್ದು ಬರಲಿಲ್ಲ,
ಕೂತಲ್ಲೇ ಬರೆದುಕೊಂಡ: ಬಂಡೆ.
ಮೂವತ್ತು ರೂಪಾಯಿ ಹೋಯಿತು.

ಸುತ್ತ ನೂರಾ ನಾಲ್ಕು ಕುಣಿ, ಎಲ್ಲ ನಾನೇ ತೋಡಿದವು.
ಅಲ್ಲಿ ಎಷ್ಟು ತೆನೆ ಬಗ್ಗಿದ್ದವೋ
ನೋಡಲಿಲ್ಲ.
ನೋಡಿದ್ದರೆ ಎಷ್ಟು ಬಂಡೆ ಹುಟ್ಟಿಸಬೇಕಿತ್ತು.

ಭಾನುವಾರ ಮೇಡಂ ಬಂದರು. ಕುಣಿಗಳ ನಡುವೆ
ಬಹಳ ಹೊತ್ತು ಸುಮ್ಮನೆ ನಿಂತರು.
ಯಾರು ತೋಡಿದ್ದು ಅಂತ ಕೇಳಲಿಲ್ಲ,
ನನ್ನ ಅಂಗೈ ಬೊಬ್ಬೆ ಕಂಡಿರಬೇಕು.
ಕಾಗದ ತೆಗೆದು, ಹದಿನೇಳು? ಅಂದರು.

ಹುಲ್ಲು ಸರಿಸಿದೆ.
ಗಾಳಿ ಇತ್ತು, ಎಲ್ಲ ಕಡ್ಡಿಯೂ
ಕಡ್ಡಿಯ ಹಾಗೇ ತೂಗುತ್ತಿತ್ತು.
ಸೊನ್ನೆ ಬರೆಯಲೇ?

ಇರಿ, ಅಂದೆ.
ಗಾಳಿ ನಿಲ್ಲಲಿ.