ತೂತಿಲ್ಲದ ಫೋನು

ಓಶ್ ಪೇಟೆಯಲ್ಲಿ, ಅಕ್‌ಬೂರಾ ಹೊಳೆಯ ದಂಡೆಗೆ,
ಹಡಗಿನಿಂದಿಳಿದು ಸಮುದ್ರ ಮರೆತ ಕಬ್ಬಿಣದ ಪೆಟ್ಟಿಗೆ.
ಅದೇ ನನ್ನ ಅಂಗಡಿ.
ಎಡಕ್ಕೆ ಬಿಳಿ ಟೊಪ್ಪಿಗೆ ಮಾರುವ ಜಾಪರ್, ಬಲಕ್ಕೆ ರೊಟ್ಟಿಯ ಒಲೆ.
ಹತ್ತೊಂಬತ್ತು ವರ್ಷ ಸಿಮ್ಮು ಮಾರಿದ್ದೇನೆ,
ಕೋಟಿನ ಕಾಲರಿಗೆ ಸದಾ ಒಂದು ಸೂಜಿ ಚುಚ್ಚಿಕೊಂಡು.
ಯಾವ ಫೋನಾದರೂ ಸರಿ, ಪಕ್ಕೆಯ ಪುಟ್ಟ ತೂತಿಗೆ ತಿವಿದರೆ
ನಾಲಿಗೆ ಚಾಚುತ್ತಿತ್ತು, ವೈದ್ಯರೆದುರಿನ ಮಗುವಿನ ಹಾಗೆ.
ಆ ನಾಲಿಗೆಯ ಮೇಲೆ ಉಗುರಗಲದ ಚೂರಿಟ್ಟು ಕಳಿಸುವುದು,
ಅಷ್ಟೇ ನನ್ನ ವಿದ್ಯೆ.

ನುರ್ಜಾದಾ ತಂದದ್ದಕ್ಕೆ ತೂತೇ ಇಲ್ಲ.
ತಿರುಗಿಸಿದೆ, ಕನ್ನಡಕ ಏರಿಸಿ ತಡವಿದೆ.
ಸೂಜಿ ಹಿಡಿದ ಕೈ ಹಾಗೇ ನಿಂತಿತು
ಬಾಗಿಲಿಲ್ಲದ ಮನೆಗೆ ಬಂದ ನೆಂಟನಂತೆ.
"ಸೆಕೆಂಡ್ ಹ್ಯಾಂಡು, ಅಪಾ. ಬಹಳ ಅಗ್ಗಕ್ಕೆ ಸಿಕ್ಕಿತು."
ಅಗ್ಗ ಯಾಕೆಂದು ಈಗ ತಿಳಿಯಿತೇ, ಹುಡುಗಿ?
ಅಮೆರಿಕದವರಿಗೆಂದು ಮಾಡಿದ್ದು. ಸಿಮ್ಮು ಒಳಗೇ ಹುಟ್ಟಿದೆ,
ಹೆಸರಿಡುವವರು ಮಾತ್ರ ಬೇಕು.

ಹೆಸರಿಡುವವರು ಮೂರು ಕಂಪನಿ.
ಒಬ್ಬರು ಬಿಷ್ಕೆಕ್ ಕಚೇರಿಗೇ ಬನ್ನಿ ಅಂದರು:
ಎರಡು ಘಾಟಿ, ಹನ್ನೆರಡು ಗಂಟೆ.
ಇನ್ನೊಬ್ಬರು ಕೊಡುತ್ತಾರೆ, ಇಲ್ಲೇ, ಈಗಲೇ, ನಗುನಗುತ್ತ,
ಆದರೆ ಗುಲ್ಚೋ ದಾಟಿದರೆ ಅವರ ಟವರಿಲ್ಲ.
ಇವಳು ಹೊರಟದ್ದು ಅಲೈ ಕಣಿವೆಗೆ, ಹೊಸ ಸೂಲಗಿತ್ತಿ,
ಚೀಲದಲ್ಲಿ ಸರ್ಕಾರದ ಆದೇಶ, ಮೂರು ಗಂಟೆಗೆ ವ್ಯಾನು.
ಅಲೈಯಲ್ಲಿ ಸಿಗುವುದು ಮೂರನೆಯವರದ್ದೊಂದೇ.
ಅವರನ್ನು ಕೇಳಿದರೆ, "ಈ-ಸಿಮ್ಮೇ? ಬರುತ್ತದೆ, ಬರುತ್ತದೆ."
ಹೋದ ಚಳಿಗಾಲವೂ ಹಾಗೇ ಅಂದಿದ್ದರು.
ಹಲ್ಲಿದ್ದಲ್ಲಿ ಕಡಲೆಯಿಲ್ಲ,
ಕಡಲೆಯಿದ್ದಲ್ಲಿ ನೋಡಿ.

ಇರಲಿ, ಅರ್ಧ ಹಾದಿಯಾದರೂ ಮಾತಾಡಲಿ ಅಂತ
ಎರಡನೆಯವರಿಂದ ಕೋಡು ತರಿಸಿದೆ, ರೊಟ್ಟಿಯವನ ವೈಫೈ ಹಿಡಿದು:
ಚೌಕದೊಳಗೆ ಚೆಲ್ಲಾಪಿಲ್ಲಿ ಇರುವೆ ಸಾಲು.
ಬಂದದ್ದು ಅವಳ ಫೋನಿಗೇ. ಓದಬೇಕಾದದ್ದೂ ಅದೇ ಫೋನು.
ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರಲ್ಲ,
ಇಗೋ, ಇಲ್ಲಿ ಬೇಕು.
ಜಾಪರನನ್ನು ಕೂಗಿದೆ. ಅವನ ಫೋನಿಗೆ ಕಳಿಸಿ ಎದುರು ಹಿಡಿ ಅಂದೆ,
ಉಸಿರು ಬಿಡಬೇಡ ಅಂದೆ.
ಅರವತ್ತೆಂಟರ ಕೈ, ನಡುಗುತ್ತದೆ.
ಅವಳು ಎಡಗೈಯಲ್ಲಿ ಅವನ ಮಣಿಕಟ್ಟು ಹಿಡಿದಳು, ನಾಡಿ ನೋಡುವವಳಂತೆ.
ಎರಡು ಫೋನು ಮುಖಾಮುಖಿ,
ಒಂದು ತೋರಿಸುತ್ತ, ಒಂದು ನೋಡುತ್ತ.
ಒಳಗೆ ಏನೋ ಬಂದು ಕೂತಿತು. ಸದ್ದಿಲ್ಲ.
ಮಾರಿದೆನೆನ್ನಲು ನನ್ನ ಕೈಯಲ್ಲಿ ಏನೂ ಉಳಿಯಲಿಲ್ಲ,
ಚೂರು ಮುರಿದ ಮೇಲಿನ ಪ್ಲಾಸ್ಟಿಕ್ ಚೌಕಟ್ಟು ಕೂಡ.

ಮೂರಕ್ಕೆ ಐದು ನಿಮಿಷ. ವ್ಯಾನಿನ ಹಾರ್ನು.
ಗಲ್ಲಾದೊಳಗಿಂದ ಗುಂಡಿ ಫೋನು ತೆಗೆದೆ, ನನ್ನದೇ,
ಸೊಂಟಕ್ಕೆ ರಬ್ಬರ್ ಬ್ಯಾಂಡು. ಬೆನ್ನು ಬಿಚ್ಚಿದರೆ ಬ್ಯಾಟರಿ,
ಬ್ಯಾಟರಿಯಡಿ ಮೂರನೆಯವರ ಸಿಮ್ಮು, ಹೆಬ್ಬೆರಳಗಲ, ಹಳೆಯದು.
"ಇದೂ ಇರಲಿ."
ಬೆಲೆ ಕೇಳಿದಳು.
ಒಣಮೊಸರಿನ ಉಂಡೆ ಕಳಿಸು ಅಂದೆ, ಅಲೈಯವರು ಉಪ್ಪು ಸರಿಯಾಗಿ ಹಾಕುತ್ತಾರೆ.

ರಾತ್ರಿ ಎಂಟಕ್ಕೆ ಬಾಗಿಲೆಳೆಯುವಾಗ ನನ್ನ ಇನ್ನೊಂದು ಫೋನು ಅದುರಿತು.
ಪರದೆಯ ಮೇಲೆ ಹೆಸರು: ನಾನು.
ಹಾಗೆಂದೇ ಬರೆದಿಟ್ಟಿದ್ದೆ, ಆ ನಂಬರಿಗೆ ಬೇರೇನು ಬರೆಯಲಿ?
ಹಿಮದ ಬೆಟ್ಟಗಳ ಬುಡದಿಂದ
ನಾನು ನನ್ನನ್ನು ಕರೆಯುತ್ತಿದ್ದೆ.
ಎತ್ತಿದೆ. ಗಾಳಿ, ಒಂದು ನಾಯಿ, ಎಲ್ಲೋ ಬಕೆಟ್ಟು ಇಟ್ಟ ಸದ್ದು,
ಆಮೇಲೆ ಅವಳು:
"ಅಪಾ, ಐದರ ಗುಂಡಿ ಒಳಗೇ ಕೂತುಬಿಡುತ್ತದೆ."
ಗೊತ್ತು ಕಣೇ.
ಉಗುರು ಹಾಕಿ ಎಬ್ಬಿಸು.