ಹನ್ನೊಂದು

ನ್ಯೂ ಹ್ಯಾಂಪ್‌ಶೈರಿನ ಈ ಊರಿನಲ್ಲಿ ಇನ್ನೂ ಕೈಯಲ್ಲೇ ಮತ ಎಣಿಸುತ್ತಾರೆ.
ಕರಿಹಲಗೆಯ ಕಟ್ಟಕಡೆಯ ಸಾಲು ನಮ್ಮದು.
ಎಂಟು ಚುನಾವಣೆಗಳಿಂದ ಅಲ್ಲಿ ಒಂದೇ ಅಂಕಿ:
ಹನ್ನೊಂದು.

ಗುಟ್ಟಿನ ಮತದಾನವಂತೆ. ನಮಗೆಲ್ಲಿಯ ಗುಟ್ಟು?
ವೆಂಡೆಲ್ ಟಿಬೆಟ್ಸನ ಗ್ಯಾರೇಜಿನಲ್ಲಿ
ಹಳೇ ಟೈರುಗಳ ಮೇಲೆ ಕೂತು
ಸರ್ಕಾರವನ್ನು ಸಣ್ಣದು ಮಾಡುವವರು ನಾವೇ ಹನ್ನೊಂದು ಜನ:
ಜಡೆ ಹೆಣೆಯಲೂ ಲೈಸೆನ್ಸೇ ಎನ್ನುವ ಲೊರೆಟ್ಟಾ,
ಹಸಿ ಹಾಲು ಮಾರಿ ದಂಡ ತೆತ್ತ ಗಾನ್ಯಾ ದಂಪತಿ,
ಯಾರದೋ ಯುದ್ಧದಲ್ಲಿ ಒಂದು ಕಿವಿ ಬಿಟ್ಟುಬಂದ ಎಮರಿ,
ಇನ್ನೂ ಕೆಲವರು, ಮತ್ತೆ ನಾನು,
ಊರಿನ ಹಿಮ ಗೋರುವ ಗಾಡಿಯ ಡ್ರೈವರ್.
ಸಂಬಳ ತೆರಿಗೆಯದೇ.
ಸ್ನೇಹಕ್ಕೆ, ಆ ಮಾತನ್ನು ಯಾರೂ ಎತ್ತುವುದಿಲ್ಲ.

ಈ ಸಲ ಸ್ಪರ್ಧೆ ಕೂದಲೆಳೆಯದು ಎಂದಿದ್ದರು.
ಒಬ್ಬ, ಪೊಲೀಸರು ಬಾಗಿಲು ಬಡಿಯದೇ ಹೊಗಲಿ ಎಂದವನು.
ಇನ್ನೊಬ್ಬ, ಬಡಿದು ಹೊಗಲಿ ಎಂದವನು.
ಅಷ್ಟೇ ವ್ಯತ್ಯಾಸ, ಒಂದು ಬಡಿತದಷ್ಟು.

"ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ" ಎಂದೆ.
ನಟ್ಟು ಬಿಗಿಯುತ್ತಲೇ ವೆಂಡೆಲ್ ಅಂದ:
"ಮೆಳ್ಳೆಗಣ್ಣನ್ನೇ ಆರಿಸುತ್ತ ಹೋಗು,
ನೆಟ್ಟಗೆ ನೋಡುವುದು ಹೇಗೆಂದೇ ಮರೆತುಹೋಗುತ್ತದೆ."
"ಹನಿಗೂಡಿದರೆ ಹಳ್ಳ" ಲೊರೆಟ್ಟಾಳ ಸಮಾಧಾನ.
"ಹದಿನಾರು ವರ್ಷ, ಹನ್ನೊಂದು ಹನಿ,
ಹೆಬ್ಬೆರಳೂ ತೊಯ್ದಿಲ್ಲ" ಎಂದೆ.
ಯಾರೂ ನಗಲಿಲ್ಲ.
ಎಮರಿ ತನ್ನ ಇಲ್ಲದ ಕಿವಿಯನ್ನು ನನ್ನತ್ತ ತಿರುಗಿಸಿ ಕೂತ.

ಮಂಗಳವಾರ ಪರದೆ ಎಳೆದುಕೊಂಡೆ.
ಪೆನ್ಸಿಲನ್ನು ದಾರದಲ್ಲಿ ಕಟ್ಟಿದ್ದರು.
ದಾರ ನಮ್ಮ ಸಾಲಿನವರೆಗೂ ಎಟುಕುತ್ತಿತ್ತು, ನೆಪ ಹೇಳಲಾರೆ.
ಮೆಳ್ಳೆಗಣ್ಣಿನ ಪಕ್ಕದ ಸೊನ್ನೆಗೆ ಕಪ್ಪು ತುಂಬಿದೆ,
ಗೆರೆ ದಾಟದ ಹಾಗೆ, ಒಳ್ಳೇ ಹುಡುಗನ ಹಾಗೆ.
ಹೊರಗೆ ಶಾಲೆಯ ಮಕ್ಕಳಿಂದ ಸೇಬಿನ ಪೈ ಕೊಂಡೆ.
ಅದು ಸೀಟಿನ ಮೇಲೆ ಹಾಗೇ ತಣ್ಣಗಾಯಿತು.

ರಾತ್ರಿ ಎಣಿಕೆ. ಗೋಡೆಗೊರಗಿ ನಿಂತೆ,
ಹತ್ತು ಎಂದು ಬರೆಯಲಿ,
ಹತ್ತೂ ಮುಖ ನನ್ನತ್ತ ತಿರುಗಲಿ ಎಂದು.
ಉತ್ತರ ಬಾಯಿಪಾಠ ಮಾಡಿಕೊಂಡಿದ್ದೆ.
ಸೀಮೆಸುಣ್ಣ ಎತ್ತಿದಳು ಗುಮಾಸ್ತೆ. ಬರೆದಳು:
ಹನ್ನೊಂದು.

ವೆಂಡೆಲ್ ಬೆನ್ನು ತಟ್ಟಿದ. "ಗೊತ್ತಿತ್ತು ಬಿಡು, ನೀನು ಕೈಕೊಡಲ್ಲ."
ಬಾಯಿಪಾಠ ಬಾಯಲ್ಲೇ ಉಳಿಯಿತು.
ಮೆಳ್ಳೆಗಣ್ಣು ಗೆದ್ದಿತು, ನಾನೂರು ಮತಗಳಿಂದ.
ನನ್ನದು ಬೇಕೇ ಇರಲಿಲ್ಲ.

ಬೆಳಗಿನ ಜಾವ ಮೊದಲ ಹಿಮ. ಗಾಡಿ ತೆಗೆದೆ.
ತೆರಿಗೆ ಕಟ್ಟಿಸಿಕೊಳ್ಳುವ ಮುದುಕಿಯ ಮನೆ.
ಪಾದ್ರಿಯ ಮನೆ.
ಈಗಷ್ಟೇ ಹದಿನೆಂಟು ತುಂಬಿದ, ಯಾರೊಡನೆಯೂ ಮಾತಾಡದ ಆ ಹುಡುಗನ ಮನೆ.
ಯಾವ ಕಿಟಕಿಯಲ್ಲೂ ದೀಪವಿಲ್ಲ.
ಯಾರೆಂದು ತಿಳಿಯದ್ದಕ್ಕೆ
ಎಲ್ಲರ ಬಾಗಿಲ ಮುಂದೂ ಒಂದು ಸುತ್ತು ಹೆಚ್ಚೇ ಗೋರಿದೆ.
ಡೀಸೆಲ್ಲು ತೆರಿಗೆಯದು.