ಮೂರನೆಯ ಸಾಲು

ಶಿರ್ವದಿಂದ ಮೇಲೆ, ಪದವಿನ ನೆತ್ತಿಯಲ್ಲಿ
ಕೆಂಪುಕಲ್ಲು ಕೊಯ್ದು ಬಿಟ್ಟ ಕೋರೆ.
ಕಲ್ಲು ಯಾರ್ಯಾರದೋ ಗೋಡೆಗೆ ಹೋಯಿತು,
ಗುಂಡಿ ಸೆವ್ರಿನ್ ಬಾಯಿಯ ಪಾಲಿಗೆ ಉಳಿಯಿತು.
ಕರಿ ಟರ್ಪಾಲು ಹಾಸಿ
ಆಟಿಯ ಮಳೆಯನ್ನು ಅದರಲ್ಲಿ ಕೂಡಿಹಾಕಿದಳು.
ಪಕ್ಕದಲ್ಲೇ ಹಸಿರುಮನೆ; ಒಳಗೆ
ದಾರ ಹಿಡಿದು ಮೇಲೇರುವ ಆರು ಸಾಲು ಮುಳ್ಳುಸೌತೆ.

ನಮ್ಮೂರ ಮಳೆ ಗೊತ್ತಲ್ಲ,
ಬರುವಾಗ ಕೊಡೆಗೆ ಕಡ್ಡಿ ಉಳಿಸುವುದಿಲ್ಲ.
ಪಗ್ಗು ಬಂತೆಂದರೆ ಅದೇ ಪದವು ಕಾದ ಕಾವಲಿ,
ಬಾವಿಗಿಳಿಸಿದ ಕೊಡಪಾನ
ಕಲ್ಲು ಮುಟ್ಟಿ ಠಣ್ ಎನ್ನುತ್ತದೆ.

ಹಾಗಾಗಿ ಲೆಕ್ಕ.
ಬೇರಿನ ಬಳಿ ಎರಡು ಕಡ್ಡಿ, ಕಡ್ಡಿಗೊಂದು ವಯರು,
ವಯರಿಗೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಸಿಮ್ಮು.
ಮಣ್ಣು ಒಣಗಿದರೆ ವಾಲ್ವು ತಾನೇ ತೆರೆಯುತ್ತದೆ,
ಹನಿ, ಹನಿ, ಹನಿ,
ಸಾಕಾದಾಗ ತಾನೇ ಮುಚ್ಚುತ್ತದೆ.
ಜೋಡಿಸಿಕೊಟ್ಟವಳು ನಾನು.
ಫೋನಿನೊಳಗಿನ ಹೆಂಗಸು ಉಲಿಯುತ್ತಾಳೆ:
“ಮೃತ್ತಿಕೆಯ ಆರ್ದ್ರತೆ ಶೇಕಡ ಮೂವತ್ತೊಂದು.”
“ಇದೆಂತದು ಮಾರಾಯ್ತಿ,” ಬಾಯಮ್ಮ ಕೇಳುತ್ತಾಳೆ,
“ನಾವು ಸಣ್ಣದಿರುವಾಗಿನ ಲ್ಯಾಟಿನ್ ಪೂಜೆಯಾ?”

ಏಪ್ರಿಲ್ ಎರಡನೇ ವಾರ ಪೆಟ್ಟಿಗೆ ಬೊಬ್ಬೆ ಹಾಕತೊಡಗಿತು.
ದಿನಾ ಮಧ್ಯಾಹ್ನ ಎರಡೂಕಾಲಕ್ಕೆ
ಮೂರನೆಯ ಸಾಲಿನಲ್ಲಿ ಒತ್ತಡ ಕುಸಿತ.
ಸ್ಕೂಟರು ಹತ್ತಿಸಿಕೊಂಡು ಬಂದೆ. ಫಿಲ್ಟರ್ ತೊಳೆದೆ,
ಜಾಯಿಂಟ್ ಬಿಗಿದೆ, ವಾಲ್ವಿನ ಹೊಟ್ಟೆ ಬಿಚ್ಚಿ ನೋಡಿದೆ.
ಎಲ್ಲ ಸರಿ.
ಮರುದಿನ ಮತ್ತೆ ಎರಡೂಕಾಲು.

ಶುಕ್ರವಾರ ಹೇಳದೆ ಬಂದೆ.
ಊಟ ಮುಗಿಸಿ, ಬಾಯಿ ಮುಕ್ಕಳಿಸಿ ಬಾಯಮ್ಮ ಬಂದಳು,
ಪೈಪು ಬಿಸಿಲಿಗೆ ಹೊರಬರುವ ಮೊಳದುದ್ದ ಜಾಗದಲ್ಲಿ
ಕುಕ್ಕರುಗಾಲಲ್ಲಿ ಕೂತು
ಮೆಣಸಿನ ಕಾಳಿನಷ್ಟು ದೊಡ್ಡ ಬೂಚು ಕಿತ್ತಳು,
ಹಿಂದೆ ಸರಿದಳು.

ಕೋರೆಯ ಬಿರುಕಿನಿಂದ ಒಂದು ಚಣಿಲು,
ಅದರ ಹಿಂದೆ ಇನ್ನೊಂದು, ಮರಿ.
ಎರಡೂ ಕೈಯಲ್ಲಿ ಪೈಪು ಹಿಡಿದು ತೂತಿಗೆ ಮೂತಿ ಹಚ್ಚಿ
ಮದುವೆ ಬ್ಯಾಂಡಿನ ಕ್ಲಾರಿನೆಟ್‌ನವರ ಹಾಗೆ
ಕಣ್ಣು ಮುಚ್ಚಿ.

“ತೂತು ಅದರದ್ದು, ಬೂಚು ನನ್ನದು,” ಎಂದಳು
ನನ್ನ ಕಡೆ ತಿರುಗದೆಯೇ.
“ಹೇಳುವ ಅಂತಲೇ ಇದ್ದೆ. ಅಷ್ಟರಲ್ಲಿ
ನಿನ್ನ ಪೆಟ್ಟಿಗೆ ಚಾಡಿ ಹೇಳಿತು.”
ದಿನಕ್ಕೆಷ್ಟು ಎಂದೆ.
“ಚೆಲ್ಲಿದ್ದೂ ಸೇರಿ ಒಂದು ಚೊಂಬು.”

ಅಲ್ಲೇ ನಿಂತು ಫೋನಿನಲ್ಲಿ ಹೊಸ ಸಾಲು ಬರೆದೆ:
ಎರಡೂಕಾಲು, ನಾಲ್ಕು ನಿಮಿಷ, ಎಚ್ಚರಿಕೆ ಬೇಡ.
‘ಬೆಳೆ’ ಎಂಬ ಕಡೆ ಖಾಲಿ ಬಿಟ್ಟರೆ ಮುಂದೆ ಹೋಗುವುದಿಲ್ಲ.
ಸೌತೆ, ಟೊಮೆಟೊ, ದೊಣ್ಣೆಮೆಣಸು, ಇತರೆ.
ಇತರೆ ಒತ್ತಿದೆ.

ಹೊರಡುವಾಗ ಬಾಯಮ್ಮ ಒಂದು ಸೌತೆ ಕಿತ್ತು
ತುದಿ ಕೊಯ್ದು, ಆ ತುಂಡನ್ನೇ ಕೊಯ್ದ ಬಾಯಿಗಿಟ್ಟು
ಗರಗರ ಉಜ್ಜಿದಳು, ನೊರೆ ಬರುವ ತನಕ.
ಈ ಜಾತಿಗೆ ಕಹಿಯೇ ಇಲ್ಲ ಎಂದೆ, ಬೀಜದ ಪೊಟ್ಟಣದಲ್ಲೇ ಉಂಟು.
“ಹೌದಂತೆ,” ಎಂದಳು,
ಇನ್ನೂ ಉಜ್ಜುತ್ತ.